ಸಿಎಂಎಂನಲ್ಲಿ ಎ, ಬಿ, ಸಿ ಸರಿಯಾಗಿ ಹಿಡಿಯೋದು ಹೇಗೆ

ಸಿಎಂಎಂ ಅಂದ್ರೆ ತುದಿಯಲ್ಲಿ ಪುಟ್ಟ ಬಾಲ್ ಇರೋ ಪ್ರೋಬ್‌ನಿಂದ ಜಾಬನ್ನು ಮುಟ್ಟಿ ಅಳೆಯೋ ಮಷೀನ್. ಮೊದಲು ಜಾಯ್‌ಸ್ಟಿಕ್ ಮುಟ್ಟಬೇಡಿ, ಡ್ರಾಯಿಂಗ್ ತೆಗೆಯಿರಿ. ಪೊಸಿಷನ್ (ಹೋಲ್ ತನ್ನ ಜಾಗದಿಂದ ಎಷ್ಟು ಸರಿದಿದೆ ಅನ್ನೋದು) ಬರೆದ ಚೌಕದಲ್ಲಿ ಟಾಲರೆನ್ಸ್, ಅಂದ್ರೆ ಒಪ್ಪುವ ಮಿತಿಯ ಪಕ್ಕ ಎ, ಬಿ, ಸಿ ಅಂತ ಇರುತ್ತಲ್ಲ, ಅಲೈನ್‌ಮೆಂಟ್ ಅಂದ್ರೆ ಅದನ್ನೇ ಅದೇ ಸಾಲಿನಲ್ಲಿ ಮಷೀನಿಗೆ ಹೇಳೋದು. ಎಡದಿಂದ ಬಲಕ್ಕೆ ಓದಬೇಕು. ಬಿ ಮೊದಲು ಬರೆದಿದ್ದರೆ ಬಿ ಯೇ ಮೊದಲ ಡೇಟಮ್ (ಅಳತೆಗೆ ಆಧಾರ), ಎಬಿಸಿಡಿ ಕ್ರಮಕ್ಕೆ ಇಲ್ಲಿ ಬೆಲೆಯಿಲ್ಲ.

ಒಂದು ಜಾಬ್ ಇಟ್ಟುಕೊಂಡೇ ಹೇಳ್ತೀನಿ. 200 ಎಂಎಂ ಉದ್ದ, 120 ಅಗಲದ ಅಲ್ಯುಮಿನಿಯಂ ಪ್ಲೇಟ್. ಎ ಅಂದ್ರೆ ಮಿಲ್ ಮಾಡಿದ ಮೇಲಿನ ಮುಖ, ಬಿ ಒಂದು 12 ಎಂಎಂ ಡೋವೆಲ್ ಹೋಲ್ (ಜಾಗ ಹಿಡಿಯೋ ಪಿನ್ ಕೂರುವ ರಂಧ್ರ), ಸಿ ಅದರಿಂದ 160 ದೂರದಲ್ಲಿರುವ ಇನ್ನೊಂದು ಡೋವೆಲ್ ಹೋಲ್. ನಾಲ್ಕು ಬೋರ್‌ಗಳ ಪೊಸಿಷನ್ ನೋಡಬೇಕು, ಟಾಲರೆನ್ಸ್ 0.06 ಎಂಎಂ.

ಮಿಲ್ಲಿಂಗ್ ಮಷೀನಿಂದ ಈಗ ತಾನೇ ಇಳಿಸಿದ ಜಾಬ್ ಆದರೆ ಸ್ವಲ್ಪ ಕಾಯಿರಿ. ಅಳತೆಯ ಲೆಕ್ಕ ಎಲ್ಲ 20 ಡಿಗ್ರಿಗೆ. ಅಲ್ಯುಮಿನಿಯಂ ಮೀಟರಿಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ (ಎಂಎಂನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತೆ, ಅಂದ್ರೆ ಈ ಪ್ಲೇಟ್ 10 ಡಿಗ್ರಿ ಬಿಸಿ ಇದ್ದರೆ ಉದ್ದದಲ್ಲಿ 46 ಮೈಕ್ರಾನ್ ಜಾಸ್ತಿ. ಬರ್ (ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆಯಿರಿ, ಒರೆಸಿ. ಕ್ಲಾಂಪ್ ಬಿಗಿ ಮಾಡುವಾಗ ಪ್ಲೇಟ್ ಬಗ್ಗದ ಹಾಗೆ ನೋಡಿ. ಅಳತೆ ಗೊತ್ತಿರೋ ಮಾಸ್ಟರ್ ಬಾಲ್ ಮೇಲೆ ಪ್ರೋಬ್ ಕ್ಯಾಲಿಬ್ರೇಟ್ ಆಗಿರಲಿ.

ಈಗ ಎ. ಮೂರು ಪಾಯಿಂಟ್ ಸಾಕು ಅಂತ ಪುಸ್ತಕ ಹೇಳುತ್ತೆ, ಆದರೆ ಮೂರು ತಗೊಂಡ್ರೆ ಫ್ಲ್ಯಾಟ್‌ನೆಸ್ (ಮುಖದ ಏರಿಳಿತ) ಯಾವಾಗಲೂ ಸೊನ್ನೆ ಬರುತ್ತೆ, ಒಂದು ಪಾಯಿಂಟ್ ಕೆಳಗೆ ಚಿಪ್ (ಲೋಹದ ಚೂರು) ಇದ್ದರೂ ಗೊತ್ತಾಗಲ್ಲ. ನಾನು ಎಂಟು ತಗೋತೀನಿ, ನಾಲ್ಕು ಮೂಲೆಗೂ ಹರಡಿ. ಎ ಹಿಡಿದರೆ ಪ್ಲೇಟ್ ಎರಡು ಕಡೆಗೂ ವಾಲೋದು ನಿಂತಿತು, ಜೆಡ್ ಸೊನ್ನೆ ಸಿಕ್ಕಿತು. ಮೂರು ಚಲನೆ ಕಟ್ಟಿದ ಹಾಗೆ. ಎ ಕೆಳಮುಖ ಅಂತಿದ್ದರೆ ಗ್ರಾನೈಟ್ ಟೇಬಲನ್ನೇ ಎ ಅಂತ ಮುಟ್ಟಿಬಿಡೋರು ಇದ್ದಾರೆ, ದಯವಿಟ್ಟು ಬೇಡ. ಕೆಳಗೆ ಒಂದು ಚಿಪ್ ಸಿಕ್ಕಿಕೊಂಡಿದ್ದರೆ ಪ್ಲೇಟ್ ವಾಲಿರುತ್ತೆ, ಮಷೀನಿಗೆ ಅದು ತಿಳಿಯಲ್ಲ. ಜಾಬನ್ನು ನೆಟ್ಟಗೆ ನಿಲ್ಲಿಸಿ, ಅಥವಾ ಸ್ಟಾರ್ ಪ್ರೋಬ್ (ಪಕ್ಕಕ್ಕೂ ಕಡ್ಡಿ ಚಾಚಿದ್ದು) ಹಾಕಿ, ಆ ಮುಖವನ್ನೇ ಮುಟ್ಟಿ.

ಬಿ ಹೋಲನ್ನು ಎ ಲೆವೆಲ್ ಮಾಡಿದ ಮೇಲೇ ಅಳೆಯಿರಿ, ಮೊದಲು ಅಲ್ಲ. ಪ್ಲೇಟ್ ವಾಲಿದ್ದಾಗ ಅಳೆದರೆ ಪ್ರೋಬ್ ಹೋಲಿನ ಗೋಡೆಯನ್ನು ಓರೆಯಾಗಿ ಮುಟ್ಟುತ್ತೆ, ಬಾಲಿನ ರೇಡಿಯಸ್ ತಪ್ಪು ದಿಕ್ಕಿಗೆ ಕಳೆಯುತ್ತೆ. ಹೋಲ್ ಸೆಂಟರ್‌ನಲ್ಲಿ ಎಕ್ಸ್, ವೈ ಸೊನ್ನೆ ಮಾಡಿ. ಉಳಿದದ್ದು ತಿರುಗೋದು ಒಂದೇ, ಅದನ್ನು ಸಿ ನಿಲ್ಲಿಸುತ್ತೆ. ಬಿ ಯಿಂದ ಸಿ ಗೆ ಗೆರೆ ಎಳೆದು, ಅದನ್ನು ಎಕ್ಸ್ ದಿಕ್ಕಿಗೆ ತಿರುಗಿಸಿ.

ನಾನು ಎಡವಿದ್ದು ಇಲ್ಲೇ. ಸಿ ಹೋಲ್ ಬಿಟ್ಟು ಪ್ಲೇಟಿನ ಉದ್ದದ ಬದಿ ಹಿಡಿದು ತಿರುಗಿಸಿದ್ದೆ, ಬದಿ ನೀಟಾಗಿ ಮಿಲ್ ಆಗಿದೆ, ಮುಟ್ಟೋದೂ ಸುಲಭ ಅಲ್ವಾ ಅಂತ. ನಾಲ್ಕು ಬೋರೂ 0.02 ಒಳಗೆ ಬಂತು, ಖುಷಿಯಿಂದ ರಿಪೋರ್ಟ್ ಕಳಿಸಿದೆ. ಗಿರಾಕಿ ಕಡೆಯಿಂದ ಇಡೀ ಲಾಟ್ ವಾಪಸ್ ಬಂತು. ಬೋರ್ ಮತ್ತು ಬದಿ ಒಂದೇ ಸೆಟಪ್‌ನಲ್ಲಿ ಆಗಿದ್ದವು, ಡೋವೆಲ್ ಹೋಲ್‌ಗಳು ಬೇರೆ ಫಿಕ್ಸ್ಚರ್‌ನಲ್ಲಿ (ಜಾಬ್ ಹಿಡಿಯೋ ಸಾಧನ). ಬದಿಗೂ ಬಿ-ಸಿ ಗೆರೆಗೂ 160ಕ್ಕೆ 0.04 ಸೊಟ್ಟ. ಬಿ ಯಿಂದ 150 ದೂರದ ಬೋರ್ ಅಷ್ಟಕ್ಕೇ 0.037 ಸರಿಯುತ್ತೆ, ಪೊಸಿಷನ್ ಅಂದ್ರೆ ಅದರ ಎರಡರಷ್ಟು, ಸುಮಾರು 0.075. ಅಸೆಂಬ್ಲಿಯಲ್ಲಿ ಪ್ಲೇಟ್ ಕೂರೋದು ಡೋವೆಲ್ ಪಿನ್ ಮೇಲೆ. ಬದಿಯನ್ನು ಅಲ್ಲಿ ಯಾರೂ ಮುಟ್ಟೋದೇ ಇಲ್ಲ.

ಡ್ರಾಯಿಂಗೇ ಬದಿಯನ್ನು ಡೇಟಮ್ ಅಂದಿದ್ದರೆ, ಪಾಯಿಂಟ್‌ಗಳನ್ನು ಎರಡು ತುದಿಗೆ ತಗೊಳ್ಳಿ. 20 ಎಂಎಂ ಅಂತರದಲ್ಲಿ ಎರಡು ಪಾಯಿಂಟ್ ತಗೊಂಡು ಅದರಲ್ಲಿ 5 ಮೈಕ್ರಾನ್ ತಪ್ಪಿದ್ದರೆ, 200 ದೂರಕ್ಕೆ ಹೋಗುವಷ್ಟರಲ್ಲಿ ಅದು 50 ಆಗಿರುತ್ತೆ.

ಇದೆಲ್ಲ ಕೈಯಲ್ಲಿ ಒಂದು ಸಲ ಆದ ಮೇಲೆ, ಅದೇ ಫೀಚರ್‌ಗಳನ್ನು ಅದೇ ಕ್ರಮದಲ್ಲಿ ಆಟೋದಲ್ಲಿ ಮತ್ತೆ ಅಳೆಸಿ ಅಲೈನ್‌ಮೆಂಟ್ ಹೊಸದಾಗಿ ಮಾಡಿ. ಕೈಯಲ್ಲಿ ಮುಟ್ಟಿದ್ದು ಮಷೀನಿಗೆ ಜಾಬ್ ಎಲ್ಲಿದೆ ಅಂತ ತೋರಿಸೋಕೆ ಮಾತ್ರ. ಕೈ ವೇಗ, ದಿಕ್ಕು ಪ್ರತಿ ಸಲ ಬೇರೆ, ಅದರ ಮೇಲೆ ರಿಪೋರ್ಟ್ ಕೊಡಬೇಡಿ.

ಆಮೇಲೆ ಪರೀಕ್ಷೆ. ಬಿ ಹೋಲನ್ನು ಮತ್ತೆ ಅಳೆಯಿರಿ, ಎಕ್ಸ್ ವೈ ಸೊನ್ನೆ ಹತ್ತಿರ ಬರಬೇಕು. ಸಿ ಯ ವೈ ಕೂಡ. ಸಿ ಯ ಎಕ್ಸ್ 160ರ ಆಸುಪಾಸು ಇದೆಯಾ, ಚಿಹ್ನೆ ಪ್ಲಸ್ಸೋ ಮೈನಸ್ಸೋ ನೋಡಿ. ಎಕ್ಸ್ ಉಲ್ಟಾ ಆಗಿದ್ದು ಸಂಜೆವರೆಗೂ ಗೊತ್ತಾಗದೆ ಕೂತ ದಿನಗಳೂ ಇವೆ. ಕೊನೆಗೆ ಕ್ಲಾಂಪ್ ಬಿಚ್ಚಿ, ಜಾಬನ್ನು ಸುಮ್ನೆ ಒಂದಿಷ್ಟು ಓರೆ ಇಟ್ಟು ಪ್ರೋಗ್ರಾಂ ಪೂರ್ತಿ ಮತ್ತೆ ಓಡಿಸಿ. ನಾಲ್ಕು ಬೋರಿನ ರೀಡಿಂಗ್ ಕೆಲವೇ ಮೈಕ್ರಾನ್ ಒಳಗೆ ಮೊದಲಿನ ಹಾಗೇ ಬಂದರೆ ರಿಪೋರ್ಟ್ ಪ್ರಿಂಟ್ ಕೊಡಿ. ಹತ್ತಿಪ್ಪತ್ತು ಮೈಕ್ರಾನ್ ಓಡಾಡುತ್ತಿದ್ದರೆ ಬೋರನ್ನು ಬೈಯ್ಯೋ ಮುಂಚೆ ಎ ಪಾಯಿಂಟ್‌ಗಳನ್ನೂ ಕ್ಲಾಂಪನ್ನೂ ನೋಡಿ.