ಮುಚ್ಚಿದ ರಸ್ತೆಗುಂಡಿ ಮತ್ತೆ ಬಾಯ್ಬಿಡದಂತೆ: ಹೊಸ ವಿಧಾನಗಳಲ್ಲಿ ಕೆಲಸ ಮಾಡುವ ಕ್ರಮ

ನಿನ್ನೆ ಮೊನ್ನೆ ಮುಚ್ಚಿದ ಗುಂಡಿ ಒಂದೇ ಮಳೆಗೆ ಕಿತ್ತು ಬಂದರೆ ಎಲ್ಲರೂ ಮೊದಲು ದೂರುವುದು ಡಾಂಬರನ್ನು. ಬಹಳಷ್ಟು ಸಲ ತಪ್ಪು ಇರುವುದು ಬೇರೆ ಕಡೆ: ಸಡಿಲವಾಗಿಯೇ ಉಳಿದ ಅಂಚು, ತಳದಲ್ಲಿ ನಿಂತ ತೇವ, ಸಾಲದ ದಮ್ಮಸು. ಈ ಮೂರು ಕೆಟ್ಟರೆ ಎಂಥ ಹೊಸ ಮಾಲು ತಂದರೂ, ಎಂಥ ಯಂತ್ರ ಇಳಿಸಿದರೂ ಕೆಲಸ ನಿಲ್ಲುವುದಿಲ್ಲ.

ಮೊದಲು ಹಾನಿಯ ಬಗೆ ಗುರುತಿಸಿ

ಒಂಟಿಯಾಗಿ ಓಡುವ, 3ರಿಂದ 20 ಮಿ.ಮೀ. ಅಗಲದ ಬಿರುಕಿಗೆ ಸೀಲಂಟ್ (ಸಂದು ತುಂಬಿ ನೀರು ತಡೆಯುವ ಅಂಟು ಮಾಲು) ಸಾಕು. ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಒಡೆದಿದ್ದರೆ ಕೆಳಗಿನ ಪದರವೇ ಕುಸಿಯುತ್ತಿದೆ ಎಂದರ್ಥ. ಅದರ ಮೇಲೆ ಸೀಲಂಟ್ ಸುರಿಯುವುದು ವ್ಯರ್ಥ, ಅಷ್ಟು ಭಾಗವನ್ನು ಅಗೆದೇ ತೆಗೆಯಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಂಡಿ ಬೀಳುತ್ತಿದ್ದರೆ ಪಕ್ಕದ ಚರಂಡಿ ಕಟ್ಟಿದೆಯೇ, ಕೆಳಗೆ ಪೈಪು ಸೋರುತ್ತಿದೆಯೇ ನೋಡಿ. ನೀರಿನ ದಾರಿ ಸರಿಪಡಿಸದೆ ಗುಂಡಿ ಮುಚ್ಚಬೇಡಿ.

ಕೋಲ್ಡ್ ಮಿಕ್ಸ್‌ನಿಂದ ಗುಂಡಿ ಮುಚ್ಚುವುದು

ಕೋಲ್ಡ್ ಮಿಕ್ಸ್ ಎಂದರೆ ಡಾಂಬರು ಬೆರೆಸಿದ ಜಲ್ಲಿ. ಬಿಸಿ ಮಾಡದೆ ಚೀಲದಿಂದ ನೇರವಾಗಿ ಸುರಿಯಬಹುದಾದ ಈ ಮಾಲು ಮಳೆಗಾಲದಲ್ಲೂ, ಹಾಟ್ ಮಿಕ್ಸ್ (ಬಿಸಿಯಾಗಿಯೇ ಹಾಕುವ ಡಾಂಬರು ಮಿಶ್ರಣ) ತರಿಸಲಾಗದ ಸಣ್ಣ ಕೆಲಸಕ್ಕೂ ಅನುಕೂಲ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದ್ರಾವಕ ಆರುತ್ತಾ ಹೋದಂತೆ ಮಾಲು ಗಟ್ಟಿಯಾಗುತ್ತದೆ. ದಪ್ಪವಾಗಿ ಹಾಕಿದರೆ ಒಳಗೆ ವಾರಗಟ್ಟಲೆ ಮೆತ್ತಗೇ ಇರುತ್ತದೆ. ಇನ್ನೊಂದು ನೀರು ತಾಗಿದರೆ ಗಟ್ಟಿಯಾಗುವಂಥದ್ದು. ಚೀಲ ಒಡೆದ ಮೇಲೆ ಉಳಿಸಿಡುವಂತಿಲ್ಲ. ಚೀಲದ ಮೇಲಿನ ಸೂಚನೆ ಓದದೆ ನೀರು ಚಿಮುಕಿಸಬೇಡಿ.

1. ಎಚ್ಚರಿಕೆ ಫಲಕ, ಕೋನ್ ಇಟ್ಟು ವಾಹನಗಳನ್ನು ಬೇರೆ ಕಡೆ ತಿರುಗಿಸಿ.

2. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ, ಅಂದರೆ ಅಂಚಿನಿಂದ ಸುಮಾರು 10 ಸೆಂ.ಮೀ. ಆಚೆಗೆ, ಚೌಕಾಕಾರದ ಗೆರೆ ಎಳೆದು ಕಟ್ಟರ್‌ನಿಂದ ನೇರವಾಗಿ ಕೊಯ್ಯಿರಿ. ಬದಿಗಳು ಗೋಡೆಯಂತೆ ನೆಟ್ಟಗಿರಬೇಕು. ಇಳಿಜಾರಾಗಿ ಬಿಟ್ಟರೆ ಅಂಚಿನಲ್ಲಿ ಮಾಲು ಕಾಗದದಷ್ಟು ತೆಳುವಾಗಿ ಚಕ್ರಕ್ಕೆ ಸಿಕ್ಕಿ ಏಳುತ್ತದೆ.

3. ಸಡಿಲ ಜಲ್ಲಿ, ಮಣ್ಣು ತೆಗೆದು ಗಾಳಿ ಊದಿ. ನೀರಿದ್ದರೆ ಹೊರಹಾಕಿ ಒಣಗಿಸಿ. ಬೆರಳಿನಿಂದ ತಳ ಸವರಿದಾಗ ಬೂದುಬಣ್ಣದ ಧೂಳು ಅಂಟಿದರೆ ಇನ್ನೊಮ್ಮೆ ಊದಬೇಕು.

4. ತಳಕ್ಕೂ ನಾಲ್ಕೂ ಬದಿಗೂ ಬೇಗ ಒಡೆಯುವ, ಅಂದರೆ ನೀರು ಬೇಗ ಬೇರ್ಪಡುವ, ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಬಳಿಯಿರಿ, ಚದರ ಮೀಟರಿಗೆ 0.25 ಕೆ.ಜಿ. ಸಾಕು. ಬಳಿದಾಗ ಅದು ಚಾಕೊಲೇಟಿನಂತೆ ಕಂದು ಬಣ್ಣಕ್ಕಿರುತ್ತದೆ. ನೀರು ಬೇರ್ಪಟ್ಟಂತೆ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿ, ಕೊನೆಗೆ ಪೂರ್ತಿ ಕಪ್ಪಾಗಿ ಬೆರಳಿಗೆ ಜಿಗುಟು ಹತ್ತುತ್ತದೆ. ಕಂದು ಇರುವಾಗಲೇ ಮಾಲು ಸುರಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಮೂಲೆಗಳಲ್ಲಿ ಮಡುಗಟ್ಟಿದ್ದನ್ನು ಬ್ರಷ್‌ನಿಂದ ಎಳೆದುಬಿಡಿ, ಇಲ್ಲದಿದ್ದರೆ ಬಿಸಿಲಿಗೆ ಡಾಂಬರು ಮೇಲೆ ಒಸರುತ್ತದೆ.

5. ಒಂದು ಪದರ 5 ಸೆಂ.ಮೀ. ಮೀರದಂತೆ ಹಾಕಿ, ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ದಮ್ಮಸು ಮಾಡಿ. ಮೂಲೆ, ಅಂಚುಗಳಿಂದ ಶುರುಮಾಡಿ ನಡುವಿಗೆ ಬನ್ನಿ. ಕೊನೆಯ ಪದರ ದಮ್ಮಸಾದ ಮೇಲೂ ರಸ್ತೆಗಿಂತ 3ರಿಂದ 5 ಮಿ.ಮೀ. ಎತ್ತರವಿರಲಿ, ವಾಹನ ಓಡಿದಂತೆ ಅದು ಇಳಿಯುತ್ತದೆ.

ಲೆಕ್ಕಕ್ಕೊಂದು ಉದಾಹರಣೆ: 1 ಮೀ. ಉದ್ದ, 60 ಸೆಂ.ಮೀ. ಅಗಲ, 6 ಸೆಂ.ಮೀ. ಆಳದ ಗುಂಡಿಯ ಗಾತ್ರ 0.036 ಘನ ಮೀಟರ್. ದಮ್ಮಸಾದ ಕೋಲ್ಡ್ ಮಿಕ್ಸ್ ಘನ ಮೀಟರಿಗೆ ಸುಮಾರು 2,000 ಕೆ.ಜಿ. ಎಂದಿಟ್ಟುಕೊಂಡರೆ 72 ಕೆ.ಜಿ. ಬೇಕು. ರಸ್ತೆಗಿಂತ ಎತ್ತರ ಉಳಿಸಲು ಬೇಕಾದ ಮಾಲೂ ಸೇರಿದರೆ ಮೂರು ಚೀಲ ಸಾಲದೆ ಹೋಗಬಹುದು, ಹಾಗಾಗಿ 25 ಕೆ.ಜಿ.ಯ ನಾಲ್ಕು ಚೀಲ ಜೊತೆಗಿರಲಿ. ಬದಿಗಳೂ ಸೇರಿ ಎಮಲ್ಷನ್ ಹಿಡಿಯುವುದು 200 ಗ್ರಾಂ ಆಸುಪಾಸು. 6 ಸೆಂ.ಮೀ. ಆಳವಿರುವುದರಿಂದ ಇಲ್ಲಿ ಎರಡು ಪದರ ಬೇಕೇ ಬೇಕು. ಒಮ್ಮೆಗೇ ತುಂಬಿ ಮೇಲಷ್ಟೇ ತಟ್ಟುವುದು ತೀರಾ ಸಾಮಾನ್ಯವಾದ ತಪ್ಪು. ಕೆಳಗೆ ಉಳಿದ ಟೊಳ್ಳಿಗೆ ನೀರು ನುಗ್ಗುತ್ತದೆ.

ಇನ್‌ಫ್ರಾರೆಡ್ ಯಂತ್ರ

ತಳಪಾಯ ಗಟ್ಟಿಯಿದ್ದು ಮೇಲಿನ ಪದರ ಮಾತ್ರ ಹಾಳಾಗಿರುವ ಕಡೆ ಇದನ್ನು ಧಾರಾಳವಾಗಿ ಬಳಸಬಹುದು. ಹೀಟರ್ ಹಲಗೆಯನ್ನು ರಸ್ತೆಯ ಮೇಲೆ ಹಿಡಿದರೆ ಏಳೆಂಟು ನಿಮಿಷದಲ್ಲಿ ಸುಮಾರು 5 ಸೆಂ.ಮೀ. ಆಳದವರೆಗೆ ಹಳೆಯ ಡಾಂಬರು ಮೆತ್ತಗಾಗುತ್ತದೆ. ಬಿಸಿಯಾದ ಭಾಗದ ಅಂಚಿನಿಂದ ಒಳಗೆ ಒಂದು ಗೇಣಿನಷ್ಟು ಬಿಟ್ಟು ರೇಕ್‌ನಿಂದ ಕೆದರಿ, ಹಳೆ ಡಾಂಬರಿಗೆ ಜೀವ ತುಂಬುವ ರಿಜುವಿನೇಟರ್ ಚಿಮುಕಿಸಿ, ಕಡಿಮೆ ಬಿದ್ದಷ್ಟು ಹೊಸ ಹಾಟ್ ಮಿಕ್ಸ್ ಬೆರೆಸಿ ತಕ್ಷಣ ರೋಲರ್ ಹಾಯಿಸಿ. ಹಳೆಯದೂ ಹೊಸದೂ ಬಿಸಿಯಲ್ಲೇ ಬೆರೆಯುವುದರಿಂದ ನೀರಿಳಿಯಲು ಸಂದು ಉಳಿಯುವುದಿಲ್ಲ. ಈ ವಿಧಾನದ ನಿಜವಾದ ಲಾಭ ಅದೇ. ಕಣ್ಣು ಹೊಗೆಯ ಮೇಲಿರಲಿ. ನೀಲಿ ಹೊಗೆ ಏಳುತ್ತಿದ್ದರೆ ಡಾಂಬರು ಸುಡುತ್ತಿದೆ, ಹೀಟರ್ ಎತ್ತಿ. ಸುಟ್ಟು ಹೋದ ಪದರವನ್ನು ಕೆರೆದು ತೆಗೆಯಬೇಕೇ ಹೊರತು ಬೆರೆಸಬಾರದು.

ಗಾಳಿ, ಎಮಲ್ಷನ್, ಜಲ್ಲಿ ಮೂರನ್ನೂ ಒಂದೇ ಕೊಳವೆಯಲ್ಲಿ ಎರಚುವ ಯಂತ್ರವೂ ಇದೆ. ಊದಿ ಸ್ವಚ್ಛಮಾಡು, ಎಮಲ್ಷನ್ ಸಿಂಪಡಿಸು, ಎಮಲ್ಷನ್ ಹತ್ತಿದ ಜಲ್ಲಿ ರಭಸದಿಂದ ತುಂಬು, ಮೇಲೆ ಒಣ ಜಲ್ಲಿ ಉದುರಿಸು: ಇಷ್ಟೇ ಕೆಲಸ. ಜಲ್ಲಿಯಲ್ಲಿ ಧೂಳಿದ್ದರೆ ಮಾತ್ರ ಎಮಲ್ಷನ್ ಕಲ್ಲಿಗೆ ಹಿಡಿಯದೆ ಧೂಳಿಗೆ ಹಿಡಿಯುತ್ತದೆ, ಎಲ್ಲ ಉದುರಿಹೋಗುತ್ತದೆ.

ಬಿರುಕಿಗೆ ಬಿಸಿ ಸೀಲಂಟ್

ಬಹಳಷ್ಟು ಗುಂಡಿಗಳು ಹುಟ್ಟುವುದು ಬಿರುಕಿನಲ್ಲೇ. ಆದ್ದರಿಂದ ರಸ್ತೆಗೆ ಖರ್ಚು ಮಾಡಲು ಹಣ ಸ್ವಲ್ಪವೇ ಇದ್ದರೆ ಮೊದಲ ಪಾಲು ಇದಕ್ಕೆ ಹೋಗಬೇಕು. ರೌಟರ್‌ನಿಂದ ಬಿರುಕನ್ನು ಸುಮಾರು 15 ಮಿ.ಮೀ. ಅಗಲ, ಅಷ್ಟೇ ಆಳದ ಕಾಲುವೆಯಂತೆ ಕೊರೆದು, ಬಿಸಿಗಾಳಿ ಊದಿ ಒಣಗಿಸಿ. ಗೋಡೆಗಳ ಬಿಸಿ ಆರುವ ಮುನ್ನವೇ ಸೀಲಂಟ್ ತುಂಬಿ. ರಬ್ಬರ್ ಬೆರೆಸಿದ ಸೀಲಂಟನ್ನು ತಯಾರಕರು ಹೇಳಿದ ಉಷ್ಣತೆಗೆ, ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ, ಎಣ್ಣೆಯ ಹೊರಕವಚವಿರುವ ಪಾತ್ರೆಯಲ್ಲೇ ಕಾಯಿಸಬೇಕು. ನೇರ ಬೆಂಕಿಗಿಟ್ಟರೆ ತಳದಲ್ಲಿ ಸೀದು ರಬ್ಬರಿನ ಎಳೆತ ಹೋಗುತ್ತದೆ. ತುಂಬಿದ ಮೇಲೆ ಜಲ್ಲಿಪುಡಿ ಉದುರಿಸಿದರೆ ಚಕ್ರಕ್ಕೆ ಅಂಟುವುದಿಲ್ಲ.

ಮೈಕ್ರೋಸರ್ಫೇಸಿಂಗ್

ರಸ್ತೆ ಗಟ್ಟಿಯಿದ್ದು ಮೇಲ್ಮೈ ಮಾತ್ರ ಸವೆದು ಒರಟಾಗಿದ್ದರೆ ಪಾಲಿಮರ್ ಎಮಲ್ಷನ್, ಪುಡಿಜಲ್ಲಿ, ಸ್ವಲ್ಪ ಸಿಮೆಂಟ್, ನೀರು ಬೆರೆಸಿದ ಗಂಜಿಯಂಥ ಮಿಶ್ರಣವನ್ನು 4ರಿಂದ 8 ಮಿ.ಮೀ. ದಪ್ಪಕ್ಕೆ ಹರಡಲಾಗುತ್ತದೆ. ಹವೆ ಅನುಕೂಲವಾಗಿದ್ದರೆ ಒಂದೆರಡು ಗಂಟೆಯಲ್ಲಿ ವಾಹನ ಬಿಡಬಹುದು. ಇದು ನೀರು ತಡೆಯುತ್ತದೆ, ಹಿಡಿತ ಕೊಡುತ್ತದೆ, ಭಾರ ಹೊರುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಗುಂಡಿಗಳನ್ನೂ ಬಿರುಕುಗಳನ್ನೂ ಮುಚ್ಚಿದ ಮೇಲೆಯೇ ಇದರ ಸರದಿ. ಮಳೆ ಬರುವ ಲಕ್ಷಣವಿದ್ದರೆ ಆ ದಿನ ಕೆಲಸ ಶುರುಮಾಡಬೇಡಿ. ಎಮಲ್ಷನ್ ಒಡೆಯುವ ಮುನ್ನ ನೀರು ಬಿದ್ದರೆ ಕಪ್ಪು ನೀರಾಗಿ ಚರಂಡಿಗೆ ಹರಿದುಹೋಗುತ್ತದೆ.

ಯಾವ ವಿಧಾನವೇ ಆಗಲಿ, ಮೊದಲ ಮಳೆ ನಿಂತ ಮೇಲೆ ಒಮ್ಮೆ ಸ್ಥಳಕ್ಕೆ ಹೋಗಿ ನೋಡಿ. ರಸ್ತೆಯೆಲ್ಲ ಒಣಗಿದ ಮೇಲೂ ತೇಪೆಯ ಅಂಚಿನಲ್ಲಿ ತೇವದ ಗೆರೆ ಉಳಿದಿದ್ದರೆ ಅಲ್ಲಿ ಸಂದು ಬಿಟ್ಟಿದೆ. ಅದು ಪೂರ್ತಿ ಒಣಗಿದ ದಿನವೇ ಆ ಗೆರೆಯುದ್ದಕ್ಕೂ ಸೀಲಂಟ್ ಎಳೆದುಬಿಡಿ.