ಪಿಯುಸಿ ಊರಲ್ಲಿ, ಡಿಗ್ರಿ ಮುಂಬಯಿಯಲ್ಲಿ: ನನ್ನ ಅನುಭವ

ಊರಲ್ಲಿ ಪಿಯುಸಿ ಮಾಡಿದವನಿಗೆ ಮುಂಬಯಿಯಲ್ಲಿ ರೆಗ್ಯುಲರ್ ಡಿಗ್ರಿ ಆಗುವ ಮಾತಲ್ಲ, ಕರೆಸ್ಪಾಂಡೆನ್ಸ್ ಹಾಕಿಸು, ಇಲ್ಲವೇ ಗಲ್ಲಾದಲ್ಲಿ ಕೂರಿಸು. ನಾನು ಲೆಕ್ಕ ಬರೆಯುವ ಘಾಟ್‌ಕೋಪರಿನ ಹೋಟೆಲಿನ ಸೇಠರಿಂದ ಹಿಡಿದು ನನ್ನ ಸ್ವಂತ ಭಾವನವರೆಗೆ ಎಲ್ಲರೂ ಇದನ್ನೇ ಹೇಳಿದವರು. ಈಗ ಅಕ್ಕನ ಮಗ ಪ್ರಜ್ವಲ್ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾನೆ. ಅವನ ಬೆನ್ನಿಗೆ ನಮ್ಮ ಗಲ್ಲಿಯ ನಾಲ್ಕೈದು ಹುಡುಗರು ಬೇರೆ ಬೇರೆ ಕಾಲೇಜು ಹತ್ತಿದ್ದಾರೆ. ಯಾರಿಗೂ ಏಜೆಂಟಿಲ್ಲ, ಡೊನೇಶನ್ನೂ ಇಲ್ಲ. ‘ನಾನು ಮೊದಲೇ ಹೇಳಿರಲಿಲ್ವಾ’ ಅನ್ನುತ್ತಾನೆ ಭಾವ. ಅನ್ನಲಿ.

ಬಿಎಗೆ ಯಾವ ವಿಭಾಗದ ಪಿಯುಸಿಯೂ ನಡೆಯುತ್ತದೆ, ಬಿಎಸ್ಸಿಗೆ ಸೈನ್ಸ್ ಬೇಕು, ಬಿಎಸ್ಸಿ ಐಟಿಗೆ ಗಣಿತ ಓದಿರಬೇಕು, ಜೊತೆಗೆ ಮೀಸಲಾತಿಯಿಲ್ಲದ ಓಪನ್‌ನವರಿಗೆ ಶೇ. 45. ಇದೆಲ್ಲ ಗೊತ್ತಿದ್ದವರೇ ಇದನ್ನು ಓದುತ್ತಿದ್ದೀರಿ ಎಂದುಕೊಂಡಿದ್ದೇನೆ. ಅಂಕ ಸಾಲದೆ ಸೀಟು ತಪ್ಪಿದವರನ್ನು ನಾನು ಕಂಡದ್ದು ಕಡಿಮೆ. ನಮ್ಮ ಹುಡುಗರು ಮುಗ್ಗರಿಸುವುದು ಟಿಸಿ, ಮೈಗ್ರೇಶನ್ (ಬೇರೆ ಕಡೆ ಓದಲು ಹೋಗುವವರಿಗೆ ನಮ್ಮ ಬೋರ್ಡು ಕೊಡುವ ಪತ್ರ) ಮತ್ತು ಹೆಸರು, ಈ ಮೂರರಲ್ಲಿ.

ಕೈ ಸುಟ್ಟದ್ದು 2022ರಲ್ಲಿ. ಆ ವರ್ಷ ಮಹಾರಾಷ್ಟ್ರದ ಎಚ್‌ಎಸ್‌ಸಿ (ಇಲ್ಲಿನ ಹನ್ನೆರಡನೇ ತರಗತಿ) ರಿಸಲ್ಟ್ ಜೂನ್ 8ಕ್ಕೆ ಬಂತು, ನಮ್ಮ ಪಿಯುಸಿ ರಿಸಲ್ಟ್ ಬಂದದ್ದು ಜೂನ್ 18ಕ್ಕೆ. ಇಲ್ಲಿನವರು ಫಾರ್ಮ್ ತುಂಬಿ ಕೂತಾಗ ನಮ್ಮವನ ಕೈಯಲ್ಲಿ ಅಂಕಪಟ್ಟಿಯೂ ಇಲ್ಲ. ಹುಡುಗ ನಮ್ಮ ಹೋಟೆಲಿನ ವೇಟರನ ತಮ್ಮ, ಬೈಂದೂರು ಕಡೆಯವನು, ಕಲಾ ವಿಭಾಗದಲ್ಲಿ ಶೇ. 65ರ ಆಸುಪಾಸು. ಮೂರನೇ ಮೆರಿಟ್ ಲಿಸ್ಟ್ ಮುಗಿದ ಮೇಲೆ ಉಳಿದ ಸೀಟಿನಲ್ಲಿ ಹೇಗೋ ಬಿಎಗೆ ಸೇರಿದ. ಟಿಸಿ ಬಂತು, ಆದರೆ ಅದರ ಮೇಲೆ ಪಿಯು ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಮೇಲುಸಹಿ ಇಲ್ಲ. ಮೈಗ್ರೇಶನ್‌ಗೆ ಅಂಚೆಯಲ್ಲಿ ಹಾಕಿದ ಅರ್ಜಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಕಾಲೇಜಿನವರು ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕವಾಗಿ ಕೂರಿಸಿದರು. ವಿಶ್ವವಿದ್ಯಾಲಯ ದಾಖಲೆ ನೋಡಿ ಕೊಡುವ ಒಪ್ಪಿಗೆ, ಅಂದರೆ ಎಲಿಜಿಬಿಲಿಟಿ, ಆಗದೆ ಮೊದಲ ಸೆಮಿಸ್ಟರಿನ ರಿಸಲ್ಟ್ ತಡೆಹಿಡಿದರು. ಕ್ಲಾಸಿನವರೆಲ್ಲ ಅಂಕ ನೋಡಿಕೊಳ್ಳುವಾಗ ಇವನ ಹೆಸರಿನೆದುರು ‘ರಿಸರ್ವ್’. ಆಮೇಲೆ ಊರಿಗೆ ಹೋದವನು ತಿರುಗಿ ಬರಲೇ ಇಲ್ಲ.

ಹೋದ ದುಡ್ಡೇನು ಕಡಿಮೆಯೇ? ಫೀಸು ಏಳು ಸಾವಿರ ಚಿಲ್ಲರೆ. ಕೊರಿಯರ್, ಜೆರಾಕ್ಸ್, ಹೋಗಿ ಬರುವ ಖರ್ಚು ಎರಡೂವರೆ. ಅದರ ಮೇಲೆ ಒಬ್ಬ ಏಜೆಂಟ್ ‘ಪಿಯುಸಿ ಅಂಕವನ್ನು ಎಚ್‌ಎಸ್‌ಸಿಗೆ ಕನ್ವರ್ಟ್ ಮಾಡಿಸುವ ಸರ್ಟಿಫಿಕೇಟ್’ ಎಂದು ನಾಲ್ಕು ಸಾವಿರ ನುಂಗಿದ. ಅಂಥದ್ದೊಂದು ಸರ್ಟಿಫಿಕೇಟೇ ಇಲ್ಲ. ನಮ್ಮದೂ 600ಕ್ಕೆ, ಅವರದೂ 600ಕ್ಕೆ. ಕನ್ವರ್ಟ್ ಮಾಡಲು ಏನಿದೆ? ವಿದೇಶಿ ಬೋರ್ಡಿನವರಿಗೆ ಸಮಾನತೆಯ ಪತ್ರ ಬೇಕಾಗುತ್ತದೆ, ಅದನ್ನೇ ತಿರುಚಿ ನಮ್ಮವರಿಗೆ ಮಾರುತ್ತಾರೆ.

ಹೋಟೆಲಿನಲ್ಲಿ ನನ್ನ ಮರ್ಯಾದೆ ಹೋದದ್ದು ಬೇರೆ ಲೆಕ್ಕ. ಆದರೆ ಹೋಟೆಲಿನ ಲೆಕ್ಕ ಬರೆಯುವವನಿಗೆ ತಾರೀಖು ಕಣ್ಣಿಗೆ ಬೀಳದೆ ಇರುತ್ತದೆಯೇ? ಮುಂದಿನ ವರ್ಷ ಎಲ್ಲ ತಿರುವುಮುರುವು. 2023ರಲ್ಲಿ ಪಿಯುಸಿ ರಿಸಲ್ಟ್ ಏಪ್ರಿಲ್ 21ಕ್ಕೆ, ಎಚ್‌ಎಸ್‌ಸಿ ಮೇ 25ಕ್ಕೆ. 2024ರಲ್ಲಿ ನಮ್ಮದು ಏಪ್ರಿಲ್ 10, ಅವರದು ಮೇ 21. ಒಂದು ತಿಂಗಳಿಗೂ ಮಿಕ್ಕಿದ ಈ ಸಂದೇ ನಮ್ಮ ಬಂಡವಾಳ. ಮುಂಬಯಿ ವಿಶ್ವವಿದ್ಯಾಲಯದ ಆನ್‌ಲೈನ್ ನೋಂದಣಿ ತೆರೆಯುವ ಹೊತ್ತಿಗೆ ನಮ್ಮ ಫೈಲ್ ತಯಾರಿರಬೇಕು. ಪರವೂರಿನ ಹುಡುಗ ಹಿಂದೆ ಬೀಳುತ್ತಾನೆ ಅನ್ನುತ್ತಾರೆ, ನಿಜವಾಗಿ ಓಟದಲ್ಲಿ ಮುಂದಿರುವವನು ಅವನೇ. ಊರಿನವರು ಆ ತಿಂಗಳನ್ನು ಮದುವೆ, ಕೋಲ, ಮಾವಿನಕಾಯಿ ಎಂದು ಕಳೆಯುತ್ತಾರೆ, ಅಷ್ಟೆ.

ಪ್ರಜ್ವಲ್‌ನದು 2024ರ ಬ್ಯಾಚು. ರಿಸಲ್ಟಿಗೆ ಕಾಯದೆ ಜನವರಿಯಲ್ಲೇ ಹೆಸರಿಗೆ ಕೈ ಹಾಕಿದೆ. ಅಂಕಪಟ್ಟಿಯಲ್ಲಿ ‘ಪ್ರಜ್ವಲ್ ಎಸ್’, ಆಧಾರ್‌ನಲ್ಲಿ ‘ಪ್ರಜ್ವಲ್ ಶೇಖರ್’. ಊರಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಮನುಷ್ಯರು. ಕಾಲೇಜಿನವರು ಕೇಳುವ ಎಬಿಸಿ ಐಡಿ (ಓದಿದ ಕ್ರೆಡಿಟ್ ಜಮೆಯಾಗುವ ಖಾತೆಯ ನಂಬರು) ಡಿಜಿಲಾಕರಿನಿಂದ ಆಗಬೇಕು, ಡಿಜಿಲಾಕರ್ ಆಧಾರ್‌ನ ಹೆಸರನ್ನೇ ಹಿಡಿಯುತ್ತದೆ. ಎಲ್ಲರೂ ಅಂಕಪಟ್ಟಿ ತಿದ್ದಿಸಲು ಓಡುತ್ತಾರೆ. ಅದು ಎಸ್‌ಎಸ್‌ಎಲ್‌ಸಿಯಿಂದ, ಹೈಸ್ಕೂಲಿನ ದಾಖಲಾತಿ ಪುಸ್ತಕದಿಂದ ತಿದ್ದಿಕೊಂಡು ಬರಬೇಕಾದ ಕೆಲಸ, ಒಂದು ವರ್ಷ ಅಲ್ಲೇ ಹೋದೀತು. ನಾನು ಆಧಾರನ್ನು ಅಂಕಪಟ್ಟಿಗೆ ಹೊಂದಿಸಿದೆ. ಆಗ 50 ರೂಪಾಯಿ, ವಾರ ಹತ್ತು ದಿನದ ಕೆಲಸ. ಆಧಾರ್‌ನಲ್ಲಿ ಹೆಸರು ಬದಲಿಸಲು ಜನ್ಮದಲ್ಲಿ ಎರಡೇ ಅವಕಾಶ, ಹಾಗಾಗಿ ಅಕ್ಷರ ಅಕ್ಷರ ನೋಡಿ ಕೊಡಿ.

ಇಷ್ಟಾದರೂ ಅಡ್ಮಿಷನ್ ದಿನ ಕಾಲೇಜಿನ ಕೌಂಟರಿನಿಂದ ಪ್ರಜ್ವಲ್‌ನ ಫೋನ್ ಬಂತು.

“ಮಾಮಾ, ಆಡ್‌ನಾವ್ ಏನು ಅಂತ ಕೇಳ್ತಿದ್ದಾರೆ.”

“ಎಸ್ ಅಂತ ಹೇಳು ಮಾರಾಯ.”

“ಹೇಳಿದೆ. ಎಸ್ ಅಂದ್ರೆ ಏನು ಅಂತ ಕೇಳ್ತಿದ್ದಾರೆ.”

“ಎಸ್ ಅಂದ್ರೆ ಎಸ್ಸೇ! ಅಂಕಪಟ್ಟಿ ತೋರಿಸು, ಬಾಯಿ ಬಿಡಬೇಡ.”

ಇಲ್ಲಿನ ಫಾರ್ಮಿನಲ್ಲಿ ಅಡ್ಡಹೆಸರು (ಮರಾಠಿಯ ಆಡ್‌ನಾವ್, ಅಂದರೆ ಸರ್‌ನೇಮ್), ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು ಎಂದು ಬೇರೆ ಬೇರೆ ಮನೆ. ಅಡ್ಡಹೆಸರಿನ ಮನೆ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಅಲ್ಲಿ ಇನಿಶಿಯಲ್ ಒಂದನ್ನೇ ಹಾಕಿ. ಚಂದ ಕಾಣಲಿ ಎಂದು ಮನೆತನದ ಹೆಸರು ತುಂಬಿದ ಹುಡುಗನೊಬ್ಬ ಆಮೇಲೆ ಅಫಿಡವಿಟ್ ಮಾಡಿಸಬೇಕಾಯಿತು. ವರ್ಷ ಗ್ಯಾಪ್ ಇದ್ದವರಿಂದಲೂ ಕಾಲೇಜುಗಳು ಅಫಿಡವಿಟ್ ಕೇಳುತ್ತವೆ. ನೂರರ ಸ್ಟ್ಯಾಂಪ್ ಪೇಪರ್ ಕಾಲ 2024ರ ಅಕ್ಟೋಬರಿಗೆ ಮುಗಿಯಿತು, ಮಹಾರಾಷ್ಟ್ರದಲ್ಲಿ ಐನೂರಕ್ಕೆ ಏರಿಸಿದರು. ಯಾವ ಅಫಿಡವಿಟ್ಟಿಗೆ ಸ್ಟ್ಯಾಂಪ್ ನಿಜಕ್ಕೂ ಬೇಕು ಎಂದು ಮೊದಲು ಕೇಳಿ, ಆಮೇಲೆ ಪರ್ಸ್ ತೆಗೆಯಿರಿ.

ರಿಸಲ್ಟ್ ಬಂದ ವಾರದಲ್ಲೇ ಪ್ರಜ್ವಲ್‌ನನ್ನು ಕಾಲೇಜಿಗೆ ಓಡಿಸಿದೆ. ಟಿಸಿಗೆ ಪ್ರಿನ್ಸಿಪಾಲರ ಸಹಿ, ಅದರ ಮೇಲೆ ಮೇಲುಸಹಿ, ಮೈಗ್ರೇಶನ್ ಅರ್ಜಿಗೆ ಕಾಲೇಜಿನ ಮೊಹರು, ಎಲ್ಲ ಒಂದೇ ಸುತ್ತಿನಲ್ಲಿ. ಆ ಅರ್ಜಿ ಹಿಡಿದು ಬೆಂಗಳೂರಿನ ಬೋರ್ಡ್ ಕಚೇರಿಗೆ ನಾನೇ ಹೋದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಐನೂರರ ಹತ್ತಿರ, ಮಲ್ಲೇಶ್ವರದಲ್ಲಿ ಪರಿಚಯದವರ ಮನೆಯಲ್ಲಿ ಊಟ. ಮೈಗ್ರೇಶನ್ನಿಗೆ ಆಳು ಹೋಗುವುದೇ ಲೇಸು, ಅಂಚೆಯ ಆಸೆ ಬಿಡಿ. ಅಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಅವತ್ತೇ ಕೆಲಸ ಆಗುತ್ತದೆ ಎನ್ನುವುದನ್ನು ಮಾತ್ರ ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಏಪ್ರಿಲ್‌ನಲ್ಲಿ ನನಗೇ ಸಾಲಿನಲ್ಲಿ ಜಾಗ ಇರಲಿಕ್ಕಿಲ್ಲ.

ಮೀಸಲಾತಿ ನಂಬಿ ಬರಬೇಡಿ. ಕರ್ನಾಟಕದ 2ಎ ಸರ್ಟಿಫಿಕೇಟ್ ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯುವುದಿಲ್ಲ. ಡೊಮಿಸೈಲ್ ಬೇಕೆಂದರೆ ಇಲ್ಲಿ ಹದಿನೈದು ವರ್ಷದ ವಾಸ ತೋರಿಸಬೇಕು. ಓಪನ್ ಎಂದೇ ಲೆಕ್ಕ ಹಾಕಿ ಕಾಲೇಜು ಆರಿಸಿ. ಸೌತ್ ಮುಂಬಯಿಯ ದೊಡ್ಡ ಹೆಸರುಗಳ ಕಡೆ ನಾನು ಮುಖ ಹಾಕಲಿಲ್ಲ. ಬೆಳಿಗ್ಗೆ ಏಳಕ್ಕೆ ಕ್ಲಾಸು ಶುರುವಾಗಿ ಮಧ್ಯಾಹ್ನದೊಳಗೆ ಬಿಡುವ, ಅನುದಾನಿತ ವಿಭಾಗ ಇರುವ, ಸೆಂಟ್ರಲ್ ಲೈನಿನ ಕಾಲೇಜು ಹುಡುಕಿದೆ. ಸಂಜೆ ಪಾಳಿಯಲ್ಲಿ ಹೋಟೆಲಿನ ಕೆಲಸವೂ ನಡೆಯುತ್ತದೆ. ಎರಡನೇ ಲಿಸ್ಟಿಗೇ ಹೆಸರು ಬಂತು.

ಅಡ್ಮಿಷನ್ ಆಯಿತೆಂದು ಸಿಹಿ ಹಂಚಿ ಕೂರುವಂತಿಲ್ಲ. ಎಲಿಜಿಬಿಲಿಟಿ ಫಾರ್ಮ್, ಮೈಗ್ರೇಶನ್ ಮತ್ತು ಟಿಸಿಯ ಅಸಲು ಪ್ರತಿ ಕಾಲೇಜಿನ ಮೂಲಕ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಫೀಸು ಕೆಲವು ನೂರು, ದೊಡ್ಡದಲ್ಲ. ರಸೀದಿ ಮಾತ್ರ ಬಿಡಬೇಡಿ. ಅಸಲು ಕೊಡುವ ಮೊದಲು ಎರಡೂ ಬದಿ ಬಣ್ಣದ ಸ್ಕ್ಯಾನ್ ಮಾಡಿಸಿ. ಮೇಲುಸಹಿಯ ಮೊಹರು ಟಿಸಿಯ ಹಿಂಬದಿಯಲ್ಲಿರುತ್ತದೆ ಎನ್ನುವುದನ್ನು ಜೆರಾಕ್ಸ್ ಅಂಗಡಿಯವನು ಕೇಳುವುದಿಲ್ಲ, ಹುಡುಗನೂ ಹೇಳುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಕಾಮರ್ಸ್ ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ಓದಿದವನನ್ನು ಐಟಿಗೆ ಹಾಕಲು ನೋಡಿದೆ. ಒಂದು ಕಾಲೇಜು ‘ಇದು ಗಣಿತವಲ್ಲ’ ಎಂದು ಫಾರ್ಮ್ ಹಿಂದೆ ತಳ್ಳಿತು. ಇನ್ನೊಂದು ಕಡೆ ಪಠ್ಯಕ್ರಮದ ಪ್ರತಿಯನ್ನೇ ಮುಂದಿಟ್ಟೆ, ಒಪ್ಪಿದರು. ಫೀಸು ಅನುದಾನವಿಲ್ಲದ್ದು, ಮೂವತ್ತು ಸಾವಿರದ ಮೇಲೆ, ಅವನ ಅಪ್ಪ ಬೆಚ್ಚಿ ಬಿಕಾಂಗೆ ಹಾಕಿಸಿದರು. ಎರಡು ವಿಷಯದಲ್ಲಿ ಫೇಲಾದ ಇನ್ನೊಬ್ಬನಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹಿಡಿಸಿದ್ದೇನೆ. ಪಾಸಾದವುಗಳಲ್ಲಿ ಎರಡು ವಿಷಯದ ಅಂಕವನ್ನು ಅವರು ಹಾಗೇ ತೆಗೆದುಕೊಳ್ಳುತ್ತಾರೆ, ಉಳಿದ ಮೂರನ್ನು ಬರೆದರೆ ಸಾಕು. ಅಡುಗೆಮನೆಯ ಭಟ್ಟರ ಮಗನಿಗೆ ಬೆಳಗಿನ ಪಾಳಿ ತಪ್ಪಿಸಲಾಗದ್ದರಿಂದ ದೂರಶಿಕ್ಷಣದ ಬಿಎ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ಸಂಸ್ಥೆಯನ್ನು ನಾವೆಲ್ಲ ಐಡಾಲ್ ಅನ್ನುತ್ತಿದ್ದೆವಲ್ಲ, ಅದಕ್ಕೆ ಈಗ ಸಿಡಿಒಇ ಎಂದು ಹೆಸರು. ಅವನಿಗೆ ಕನ್ನಡ ಎಂಎ ಹುಚ್ಚು, ಬಿಎ ಮುಗಿದರೆ ಅದೇ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನ ಕನ್ನಡ ವಿಭಾಗ ಇದ್ದೇ ಇದೆ.

ಪ್ರಜ್ವಲ್‌ನ ಲೆಕ್ಕ ಹೇಳಿಬಿಡುತ್ತೇನೆ. ರೈಲು, ಮೈಗ್ರೇಶನ್, ಎಲಿಜಿಬಿಲಿಟಿ, ಜೆರಾಕ್ಸ್, ಆಧಾರ್ ಎಲ್ಲ ಸೇರಿ ಮೂರೂವರೆ ಸಾವಿರದ ಒಳಗೆ, ಮೊದಲ ವರ್ಷದ ಫೀಸು ಎಂಟೂವರೆಯಷ್ಟು. ಅದೇ ಏಜೆಂಟ್ ಅವನಿಗೆ ಕೇಳಿದ್ದು ಇಪ್ಪತ್ತೈದು ಸಾವಿರ, ಫೀಸು ಬೇರೆ. 2025ರಲ್ಲಿ ಪಿಯುಸಿ ರಿಸಲ್ಟ್ ಏಪ್ರಿಲ್ 8ಕ್ಕೇ ಬಂತು, ಎಚ್‌ಎಸ್‌ಸಿಯೂ ಮೇ 5ಕ್ಕೆ ಬಂದು ಸಂದು ಕಿರಿದಾಯಿತು. ಆದ್ದರಿಂದ ಮುಂದಿನ ಬ್ಯಾಚಿನ ಹುಡುಗರಿಗೆ ಡಿಸೆಂಬರಿನಲ್ಲೇ ಆಧಾರ್ ತರಲು ಹೇಳಿದ್ದೇನೆ. ಸೇಠರು ತಮ್ಮ ತಂಗಿಯ ಮಗನದ್ದನ್ನೂ ಕಳಿಸಿದ್ದಾರೆ.