ಕೊಳಚೆ ಕೆಸರು ಪೈಪಿನಲ್ಲಿ ಹರಿಯುವ ಬಗೆ: ಲೆಕ್ಕ ಹಾಕುವುದು ಹೇಗೆ?

ಕೊಳಚೆ ನೀರನ್ನು ಶುದ್ಧೀಕರಿಸಿದಾಗ ಉಳಿಯುವ ಕೆಸರನ್ನು, ಅಂದರೆ ಸ್ಲಡ್ಜನ್ನು, ಪೈಪಿನಲ್ಲಿ ಸಾಗಿಸಬೇಕಾದಾಗ ನೀರಿನ ಲೆಕ್ಕವನ್ನೇ ಒಂದಷ್ಟು ಪಟ್ಟು ಹೆಚ್ಚಿಸಿ ಪಂಪು ಆರಿಸುವ ರೂಢಿಯಿದೆ. ಘನಾಂಶ ಶೇ 2ರೊಳಗಿದ್ದರೆ ಅದು ಹೇಗೋ ನಡೆದೀತು. ಗಟ್ಟಿ ಸ್ಲಡ್ಜ್‌ಗೆ ನಡೆಯದು. ಅದು ಒಂದು ಕನಿಷ್ಠ ಬಲ ಬೀಳುವವರೆಗೆ ಕದಲುವುದಿಲ್ಲ, ಕದಲಿದ ಮೇಲೆ ವೇಗ ಏರಿದಂತೆಲ್ಲ ತೆಳುವಾಗುತ್ತದೆ. ಏಕಮಾನ ವಿಸ್ತೀರ್ಣದ ಮೇಲೆ ಬೀಳಬೇಕಾದ ಈ ಕನಿಷ್ಠ ಬಲವೇ ಯೀಲ್ಡ್ ಸ್ಟ್ರೆಸ್.

ಮೊದಲು ಮಾದರಿ ಸಂಗ್ರಹಿಸಿ ಘನಾಂಶವನ್ನೂ ಉಷ್ಣಾಂಶವನ್ನೂ ಗುರುತಿಸಿಕೊಳ್ಳಬೇಕು. ಸ್ಲಡ್ಜ್ ಜೀವಂತ ವಸ್ತುವಾದ್ದರಿಂದ ಇಟ್ಟಷ್ಟೂ ಬದಲಾಗುತ್ತದೆ. ಪರೀಕ್ಷೆ ಬೇಗ ಮುಗಿದಷ್ಟೂ ಒಳ್ಳೆಯದು. ಘನಾಂಶ ಸ್ವಲ್ಪ ಏರಿದರೂ ಯೀಲ್ಡ್ ಸ್ಟ್ರೆಸ್ ಹಲವು ಪಟ್ಟು ಏರುವುದರಿಂದ, ಒಂದೇ ಮಾದರಿಯನ್ನು ನಂಬದೆ ವರ್ಷದ ಬೇರೆ ಬೇರೆ ಕಾಲದ ಮಾದರಿಗಳನ್ನು ಅಳೆಯುವುದು ಕ್ಷೇಮ.

ಅನಂತರ ತಿರುಗುವ ವಿಸ್ಕೋಮೀಟರಿನಲ್ಲಿ, ಅಂದರೆ ಸ್ನಿಗ್ಧತೆಯನ್ನು (ದ್ರವ ಹರಿಯಲು ಒಡ್ಡುವ ತಡೆಯನ್ನು) ಅಳೆಯುವ ಉಪಕರಣದಲ್ಲಿ, ವೇಗವನ್ನು ಬದಲಿಸುತ್ತ ಎದುರಾಗುವ ತಡೆಯನ್ನು ದಾಖಲಿಸಿ, ಆ ಬಿಂದುಗಳಿಗೆ ಯೀಲ್ಡ್ ಸ್ಟ್ರೆಸ್ ಇರುವ ದ್ರವಗಳಿಗೆ ಬಳಸುವ ಬಿಂಗಮ್ ಅಥವಾ ಹರ್ಷೆಲ್–ಬಲ್ಕ್ಲಿ ಸೂತ್ರವನ್ನು ಹೊಂದಿಸಬೇಕು. ಪೈಪಿನಲ್ಲಿ ಬರಲಿರುವ ವೇಗದ ವ್ಯಾಪ್ತಿಯಲ್ಲೇ ಅಳೆಯದಿದ್ದರೆ ಎಷ್ಟು ಚೆಂದದ ಸೂತ್ರವೂ ದಾರಿ ತಪ್ಪಿಸುತ್ತದೆ.

ಮುಂದಿನದು ಪೈಪಿನ ಲೆಕ್ಕ. ನಿಂತ ಸ್ಲಡ್ಜ್ ಕದಲಲು ಬೇಕಾದ ಒತ್ತಡವೆಂದರೆ ಯೀಲ್ಡ್ ಸ್ಟ್ರೆಸ್ಸನ್ನು ಪೈಪಿನ ಉದ್ದದಿಂದಲೂ 4ರಿಂದಲೂ ಗುಣಿಸಿ ವ್ಯಾಸದಿಂದ ಭಾಗಿಸಿದಷ್ಟು. ಯೀಲ್ಡ್ ಸ್ಟ್ರೆಸ್ 10 ಪಾಸ್ಕಲ್, ಉದ್ದ 500 ಮೀಟರ್, ವ್ಯಾಸ 200 ಮಿ.ಮೀ. ಇದ್ದರೆ 1 ಬಾರ್ (ಒಂದು ಲಕ್ಷ ಪಾಸ್ಕಲ್) ಒತ್ತಡ ಬಿದ್ದ ಮೇಲಷ್ಟೇ ಹರಿವು ಶುರುವಾಗುತ್ತದೆ. ಇದೇ ಪೈಪಿನಲ್ಲಿ, ಬಿಂಗಮ್ ಸ್ನಿಗ್ಧತೆ (ಕದಲಿದ ಮೇಲಿನ ಹರಿವಿಗೆ ಬಿಂಗಮ್ ಸೂತ್ರ ಕೊಡುವ ಸ್ನಿಗ್ಧತೆ) 0.03 ಪಾಸ್ಕಲ್-ಸೆಕೆಂಡ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಅರ್ಧ ಮೀಟರ್ ವೇಗಕ್ಕೆ ಸುಮಾರು 1.2 ಬಾರ್, 1 ಮೀಟರ್ ವೇಗಕ್ಕೆ ಸುಮಾರು 1.3 ಬಾರ್ ಸಾಕು. ನೀರಿನಲ್ಲಾದರೆ ವೇಗ ಇಮ್ಮಡಿಯಾದಾಗ ಘರ್ಷಣೆಯ ನಷ್ಟ ನಾಲ್ಕು ಪಟ್ಟಿನ ಹತ್ತಿರ ಏರುತ್ತದೆ. ಹಾಗಾಗಿ ಇಲ್ಲಿ ಪಂಪಿನ ವೇಗವನ್ನು ತಗ್ಗಿಸಿದರೆ ಒತ್ತಡವೂ ಅಷ್ಟೇ ತಗ್ಗುತ್ತದೆಂದು ಎಣಿಸಬಾರದು.

ಈ ಲೆಕ್ಕ ಶಾಂತ ಹರಿವಿಗಷ್ಟೇ ಸಲ್ಲುತ್ತದೆ. ವೇಗ ಇನ್ನೂ ಏರಿ ಹರಿವು ಪ್ರಕ್ಷುಬ್ಧವಾದರೆ ನಷ್ಟ ನೀರಿನ ರೀತಿಯಲ್ಲೇ ಏರತೊಡಗುತ್ತದೆ. ಆ ತಿರುವು ಎಲ್ಲಿದೆ ಎಂಬುದನ್ನು ಹರಿವಿನ ಜಡತ್ವವನ್ನು ಸ್ನಿಗ್ಧತೆಗೆ ಹೋಲಿಸುವ ರೆನಾಲ್ಡ್ಸ್ ಮತ್ತು ಯೀಲ್ಡ್ ಸ್ಟ್ರೆಸ್ಸನ್ನೂ ಲೆಕ್ಕಕ್ಕೆ ತರುವ ಹೆಡ್‌ಸ್ಟ್ರಾಮ್ ಸಂಖ್ಯೆಗಳಿಂದ ಅಂದಾಜಿಸಬೇಕು.

ಕೊನೆಗೆ, ಪೈಪಿನ ಎರಡೂ ತುದಿಗೆ ಒತ್ತಡಮಾಪಕ ಕೂರಿಸಿ ಲೆಕ್ಕವನ್ನು ತಾಳೆ ನೋಡಬೇಕು. ಗೋಡೆಗೆ ಅಂಟಿದ ಜಿಡ್ಡು, ತಳಕ್ಕಿಳಿದ ಮರಳು, ಕೆಸರಿನೊಳಗಿನ ಅನಿಲದ ಗುಳ್ಳೆ ಇವು ಯಾವ ಸೂತ್ರಕ್ಕೂ ಸಿಗುವುದಿಲ್ಲ. ಪಂಪು ನಿಂತು ರಾತ್ರಿಯಿಡೀ ಪೈಪಿನಲ್ಲೇ ಉಳಿದ ಸ್ಲಡ್ಜ್ ಬಿಗಿಯುವುದರಿಂದ, ಆರಂಭದ ಒತ್ತಡವನ್ನು ಹೊಸ ಮಾದರಿಯ ಬದಲು ಅಷ್ಟೇ ಹೊತ್ತು ಅಲುಗಾಡದೆ ಇರಿಸಿದ ಮಾದರಿಯಿಂದ ನಿರ್ಧರಿಸಬೇಕು.